ಆಕಾಶವಾಣಿಯ ಅಂಕಿತ ಮತ್ತು ಶ್ರೋತೃನಿಷ್ಠೆ

ಪುರಾಣಕಾವ್ಯಗಳಲ್ಲಿ ಆಕಾಶವಾಣಿ ನುಡಿದ ಪ್ರಸಂಗಗಳು ಹಲವು. ಅವುಗಳಲ್ಲೆಲ್ಲ ಸಾಮಾನ್ಯವಾಗಿ ಕಂಡುಬರುವ ಅಂಶವೊಂದುಂಟು. ನುಡಿದವರು ಯಾರೆಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ನುಡಿದ ಮಾತನ್ನು ಯಾರೂ ಶಂಕಿಸುವುದೂ ಇಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಮೊದಲ್ಗೊಂಡು ಕನ್ನಡನಾಡಿನ ಮನೆಗಳಲ್ಲಿ, ಚಾವಡಿಗಳಲ್ಲಿ, ಚಹದಂಗಡಿಗಳಲ್ಲಿ ಇಂತಹುದೇ ಒಂದು ಅಶರೀರ ದನಿಯು ಬೆಳಗು ಬೈಗುಗಳಲ್ಲಿ ಕೇಳಿಬರತೊಡಗಿತು. ಅದರ ಮುಖವನ್ನು ಜನರು ಕಂಡಿರಲಿಲ್ಲ. ಹೆಸರನ್ನೂ ಬಹುಮಂದಿ ಅರಿತಿರಲಿಲ್ಲ. ಆದರೂ ಆ ದನಿ ಹೇಳಿದ ವೇಳೆಗೆ ತಮ್ಮ ಗಡಿಯಾರಗಳನ್ನು ತಿದ್ದಿಕೊಂಡರು. ಅದು ಹೇಳಿದ ರಾಗದ ಹೆಸರನ್ನು ನೆನಪಿನಲ್ಲಿಟ್ಟುಕೊಂಡರು. ಅದು ಕೇಳಿಬರದ ದಿನ ಮನೆಯಲ್ಲಿ ಏನೋ ಕೊರತೆಯಾದಂತೆ ಭಾವಿಸಿದರು. ಬಾನುಲಿಯ ಕೇಳುಗರ ಈ ನಿಷ್ಠೆಯು ಯಾವುದನ್ನು ಆಶ್ರಯಿಸಿ ಬೆಳೆಯಿತು, ಯಾವುದು ಇಲ್ಲವಾದರೆ ಅದು ಉಳಿಯಲಾರದು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇತಿಹಾಸವನ್ನು ತುಸು ಅವಲೋಕಿಸಿದರೆ ಇದಕ್ಕೆ ಉತ್ತರ ದೊರೆಯದಿರದು.

ಭಾರತದಲ್ಲಿ ವ್ಯವಸ್ಥಿತವಾದ ಪ್ರಸಾರಕಾರ್ಯವು 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯಿಂದ ಪ್ರಾರಂಭವಾಯಿತು. ಅದೊಂದು ವ್ಯಾಪಾರೀ ಸಂಸ್ಥೆ. ಕೇಳುಗರು ವರ್ಷಕ್ಕೆ 10 ರೂಪಾಯಿ ತೆತ್ತು ಪರವಾನಗಿ ಪಡೆಯಬೇಕಾಗಿತ್ತು. ಪರವಾನಗಿ ಪಡೆದವರ ಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟಲಿಲ್ಲವಾಗಿ, ಮೂರು ವರ್ಷ ತುಂಬುವುದರೊಳಗೆ, 1930ರ ಮಾರ್ಚಿನಲ್ಲಿ ಕಂಪನಿಯು ದಿವಾಳಿಯೆದ್ದಿತು. ಅನಂತರ ಸರ್ಕಾರವೇ ಪ್ರಸಾರವನ್ನು ವಹಿಸಿಕೊಂಡಿತಾದರೂ ವೆಚ್ಚ ಹೆಚ್ಚೆಂಬ ಕಾರಣದಿಂದ 1931ರ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿಬಿಡಲು ನಿರ್ಧರಿಸಿತು. ಆಗ ಕೇಳುಗರು ಸುಮ್ಮನಿರಲಿಲ್ಲ. ಸಾರ್ವಜನಿಕರ ಪ್ರತಿಭಟನೆಗೆ ಮಣಿದು ಸರ್ಕಾರವು ಮರುತಿಂಗಳೇ ತನ್ನ ನಿರ್ಧಾರವನ್ನು ಹಿಂದಕ್ಕೆ ಪಡೆಯಿತು. ಸಂಖ್ಯೆಯಲ್ಲಿ ಅತ್ಯಲ್ಪರಾದ ಕೇಳುಗರು ಒಂದು ಪ್ರಸಾರವ್ಯವಸ್ಥೆಯನ್ನು ಉಳಿಸಿಕೊಂಡ ಈ ಘಟನೆಯು ನಮ್ಮ ದೇಶದಲ್ಲಿ ಶ್ರೋತೃನಿಷ್ಠೆಗೆ ದೊರೆಯುವ ಮೊದಮೊದಲ ಸಾಕ್ಷ್ಯಗಳಲ್ಲೊಂದು.

ಇದಾದ ನಾಲ್ಕು ವರ್ಷಗಳಿಗೆ ಮೈಸೂರಿನಲ್ಲಿ ನಡೆದ ಸಾಹಸವು ಕನ್ನಡಿಗರಿಗೆಲ್ಲ ಸ್ಮರಣೀಯವಾದುದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ನಿವಾಸವಾದ ‘ವಿಠ್ಠಲ ವಿಹಾರ’ದಲ್ಲಿಯೇ ಒಂದು ಪ್ರಸಾರಕೇಂದ್ರವನ್ನು ತೆರೆದರು. ಪ್ರೇಷಕದ ಶಕ್ತಿ ಕೇವಲ 30 ವಾಟ್. ಮನೆಯೊಂದರ ಸಾಧಾರಣ ವಿದ್ಯುದ್ದೀಪವು ಬೇಡುವಷ್ಟು ಶಕ್ತಿಯೂ ಅದಕ್ಕಿರಲಿಲ್ಲ. ಈ ಕಾರ್ಯದಲ್ಲಿ ಸಾಹಿತಿ ನಾ. ಕಸ್ತೂರಿಯವರು ಗೋಪಾಲಸ್ವಾಮಿಯವರಿಗೆ ನೆರವಾದರು. ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಸರ್ಕಾರದ ಪ್ರಸಾರಸಂಸ್ಥೆಗೆ ದೊರೆತುದು ಮರುವರ್ಷ, 1936ರ ಜೂನಿನಲ್ಲಿ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಪ್ರಾಧ್ಯಾಪಕರೊಬ್ಬರು ಮನೆಯಿಂದ ನಡೆಸಿದ ಈ ಕೇಂದ್ರದ ಭಾರವನ್ನು 1942ರ ಜನವರಿ 1ರಂದು ಮೈಸೂರು ಸಂಸ್ಥಾನವು ವಹಿಸಿಕೊಂಡಿತು. ಹೀಗೆ ಮೈಸೂರಿನ ಆಕಾಶವಾಣಿಯು ಹುಟ್ಟಿನಿಂದಲೇ ಒಂದು ಊರಿನ ದನಿಯಾಗಿತ್ತು. ದೂರ ಮುಟ್ಟುವ ಸಾಮರ್ಥ್ಯ ಅದಕ್ಕಿರಲಿಲ್ಲ. ಹತ್ತಿರದವರ ಹೃದಯವನ್ನು ಮುಟ್ಟುವುದಷ್ಟೇ ಅದರ ಪಾಲಿಗೆ ಬಂದಿದ್ದಿತು.

1947ರಲ್ಲಿ ದೇಶವು ಸ್ವತಂತ್ರವಾದಾಗ ಆಲ್ ಇಂಡಿಯಾ ರೇಡಿಯೋದ ಪಾಲಿಗೆ ಉಳಿದುದು ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ಲಕ್ನೋ, ತಿರುಚಿನಾಪಳ್ಳಿ ಎಂಬ ಆರು ಕೇಂದ್ರಗಳು. ಅವುಗಳಲ್ಲಿ ಕನ್ನಡನಾಡಿನದು ಒಂದೂ ಇರಲಿಲ್ಲ. ಈ ಕೊರತೆಯನ್ನು ತುಂಬುವಂತೆ 1950ರ ಜನವರಿ 8ರಂದು ಧಾರವಾಡ ಕೇಂದ್ರವು ಪ್ರಾರಂಭವಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಮೈಸೂರು ಕೇಂದ್ರವೂ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. ಧಾರವಾಡವು ಆಗ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಕನ್ನಡ ಮಾತನಾಡುವ ಜನರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಏಕೀಕರಣವು ನಡೆದುದು 1956ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷಗಳಿಗೆ ಮುಂಚೆಯೇ, ಗಡಿಯ ಕಲ್ಲುಗಳನ್ನು ಲೆಕ್ಕಿಸದೆ, ಕನ್ನಡದ ಒಂದು ದನಿ ಧಾರವಾಡದಿಂದ ಹೊರಟು ಸುತ್ತಲಿನ ಕನ್ನಡಿಗರನ್ನು ತಲಪುತ್ತಿತ್ತು. ವರಕವಿ ದ. ರಾ. ಬೇಂದ್ರೆಯವರು ಈ ಕೇಂದ್ರದ ಸಲಹೆಗಾರರಾಗಿದ್ದರೆಂಬುದೂ, ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಅದರ ಸಂಗೀತ ಸಲಹೆಗಾರರಾಗಿದ್ದರೆಂಬುದೂ ಆ ದನಿಯ ಹಿಂದಿದ್ದ ವಿದ್ವತ್ತನ್ನು ಸೂಚಿಸುತ್ತವೆ.

ಧಾರವಾಡಕ್ಕೆ ಲಾಭವಾದ ಕಾಲದಲ್ಲಿಯೇ ಮೈಸೂರಿಗೆ ನಷ್ಟವಾಯಿತು. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರವು ಆರಂಭವಾದಾಗ ಮೈಸೂರಿನ ಕೇಂದ್ರವು ಅಲ್ಲಿಗೆ ವರ್ಗವಾಯಿತು. ದೇಶಕ್ಕೆ ಹೆಸರು ಕೊಟ್ಟ ಊರಿಗೆ ತನ್ನದೆಂಬ ದನಿಯಿಲ್ಲದೆ ಹೋಯಿತು. ಬೆಂಗಳೂರಿನ ಪ್ರಸಾರವು ಮೈಸೂರಿಗೆ ಕೇಳುತ್ತಿದ್ದಿತು. ಸಂಗೀತಕ್ಕೂ ಭಾಷಣಕ್ಕೂ ಕೊರತೆಯಿರಲಿಲ್ಲ. ಆದರೂ 1974ರಲ್ಲಿ ಮೈಸೂರಿನಲ್ಲಿ ಕೇಂದ್ರವನ್ನು ಮತ್ತೆ ತೆರೆಯಬೇಕಾಯಿತು. ಹತ್ತಿರದ ನಗರದಿಂದ ಬರುವ ಉತ್ತಮ ಪ್ರಸಾರವೂ ಸ್ವಂತ ಊರಿನ ದನಿಗೆ ಬದಲಾಗಲಾರದೆಂಬುದನ್ನು ಈ 19 ವರ್ಷಗಳ ಅಂತರವು ತೋರಿಸಿಕೊಡುತ್ತದೆ.

ಇಲ್ಲಿ ಸಂಗೀತದ ವಿಚಾರವನ್ನು ವಿಶೇಷವಾಗಿ ಹೇಳಬೇಕು. ಕನ್ನಡನಾಡು ಎರಡು ಸಂಗೀತಪದ್ಧತಿಗಳು ಕೂಡುವ ನೆಲ. ಮೈಸೂರು, ಬೆಂಗಳೂರುಗಳ ಕೇಳುಗರು ಕರ್ನಾಟಕ ಸಂಗೀತದ ಶ್ರುತಿಯಲ್ಲಿ ಬೆಳೆದವರು. ಧಾರವಾಡ, ಹುಬ್ಬಳ್ಳಿ, ಗದಗುಗಳ ಕೇಳುಗರು ಹಿಂದೂಸ್ತಾನಿ ಸಂಗೀತದಲ್ಲಿ ಮಿಂದವರು. ಒಂದೇ ಭಾಷೆಯನ್ನಾಡುವ ಈ ಕೇಂದ್ರಗಳು ಎರಡು ಬೇರೆ ರುಚಿಗಳನ್ನು ಪೋಷಿಸಿದವು. ಗಾಯಕನು ಹಾಡುವುದಕ್ಕೆ ಮುನ್ನ ಉದ್ಘೋಷಕನು ಕಲಾವಿದರ ಹೆಸರು, ರಾಗ, ತಾಳ, ವಾದ್ಯಸಹಕಾರ ನೀಡುವವರ ಹೆಸರು ಇಷ್ಟನ್ನೇ ಹೇಳುತ್ತಿದ್ದನು. ಅದು ನಾಲ್ಕಾರು ವಾಕ್ಯಗಳ ಮಾತು. ಆದರೆ ವರ್ಷಗಟ್ಟಳೆ ಅದನ್ನು ಕೇಳಿದ ಗೃಹಸ್ಥನು, ಸಂಗೀತದ ಶಾಲೆಯ ಮೆಟ್ಟಿಲನ್ನೇರದವನು, ಮೊದಲ ನಾಲ್ಕು ಸ್ವರಗಳಲ್ಲಿಯೇ ಇದು ಇಂತಹ ರಾಗವೆಂದು ಗುರುತಿಸಬಲ್ಲವನಾದನು. 1952ರ ಜುಲೈಯಲ್ಲಿ ಆರಂಭವಾದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವು ಶನಿವಾರದ ರಾತ್ರಿಗಳಲ್ಲಿ ದೇಶದ ಶ್ರೇಷ್ಠ ಕಲಾವಿದರನ್ನು ಹಳ್ಳಿಯ ಜಗಲಿಗೂ ತಂದಿತು. ಅರಮನೆಯ ದರ್ಬಾರಿನಲ್ಲಿ, ಶ್ರೀಮಂತರ ಬೈಠಕ್ಕಿನಲ್ಲಿ ಮಾತ್ರ ದೊರೆಯುತ್ತಿದ್ದ ನಾದವು ಪಂಚಾಯಿತಿಯ ರೇಡಿಯೋದ ಮುಂದೆ ಕುಳಿತ ಕೂಲಿಕಾರನಿಗೂ ದಕ್ಕಿತು.

ಈ ಉದ್ಘೋಷಕರ ಕಾಯಕದಲ್ಲಿ ವಚನಸಾಹಿತ್ಯದ ಅಭ್ಯಾಸಿಗಳ ಲಕ್ಷ್ಯವನ್ನು ಸೆಳೆಯುವ ಒಂದು ಅಂಶವಿದೆ. ಶರಣರು ತಮ್ಮ ವಚನಗಳ ಕೊನೆಯಲ್ಲಿ ಸ್ವಂತ ಹೆಸರನ್ನು ಇರಿಸಲಿಲ್ಲ. ತಮ್ಮ ಆರಾಧ್ಯದೈವದ ಹೆಸರನ್ನು ಅಂಕಿತವಾಗಿ ಇರಿಸಿದರು. ಬಸವಣ್ಣನವರ ವಚನವು ಕೂಡಲಸಂಗಮದೇವನ ಹೆಸರಿನಲ್ಲಿಯೂ, ಅಲ್ಲಮಪ್ರಭುಗಳ ವಚನವು ಗುಹೇಶ್ವರನ ಹೆಸರಿನಲ್ಲಿಯೂ, ಅಕ್ಕಮಹಾದೇವಿಯವರ ವಚನವು ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿಯೂ ಮುಗಿಯುತ್ತದೆ. ಅಂಕಿತವೊಂದೇ ಉಳಿದು ಕರ್ತೃವಿನ ಹೆಸರು ಅಳಿದುಹೋದ ವಚನಕಾರರೂ ಇದ್ದಾರೆ. ಆಕಾಶವಾಣಿಯ ಉದ್ಘೋಷಕರೂ ಬಹುಕಾಲ ತಮ್ಮ ಹೆಸರನ್ನು ಹೇಳಿಕೊಳ್ಳುವ ವಾಡಿಕೆಯಿರಲಿಲ್ಲ. ಅವರ ಪಾಲಿಗೆ ಅಂಕಿತವೆಂದರೆ ‘ಇದು ಆಕಾಶವಾಣಿ, ಧಾರವಾಡ’ ಎಂಬ ಮಾತು. ಮೈಸೂರಿನವರಿಗೆ ‘ಮೈಸೂರು’, ಭದ್ರಾವತಿಯವರಿಗೆ ‘ಭದ್ರಾವತಿ’, ಕಲಬುರ್ಗಿಯವರಿಗೆ ‘ಗುಲ್ಬರ್ಗಾ’. ಭಕ್ತಿಯ ಅಂಕಿತಕ್ಕೂ ಉದ್ಯೋಗದ ಉದ್ಘೋಷಣೆಗೂ ಇರುವ ಅಂತರವನ್ನು ಮರೆಯುವಂತಿಲ್ಲ. ಶರಣರದು ಅನುಭಾವ, ಇವರದು ಸಂಬಳದ ಸೇವೆ. ಆದರೆ ತನ್ನನ್ನು ಹಿಂದೆ ಸರಿಸಿಕೊಂಡು ತನಗಿಂತ ದೊಡ್ಡದೊಂದರ ಹೆಸರಿನಲ್ಲಿ ನುಡಿಯುವ ಸಂಯಮವು ಎರಡರಲ್ಲಿಯೂ ಒಂದೇ. ಆ ಸಂಯಮವೇ ಕೇಳುಗನಲ್ಲಿ ವಿಶ್ವಾಸವನ್ನು ಹುಟ್ಟಿಸಿತು.

ಇದಕ್ಕೆ ಪೂರಕವಾದ ಇನ್ನೊಂದು ಮುಖವನ್ನೂ ನೋಡಬೇಕು. ನುಡಿಯುವವನು ಅನಾಮಿಕನಾಗಿ ಉಳಿದರೆ ಕೇಳುವವನು ಅನಾಮಿಕನಾಗಿ ಉಳಿಯಲಿಲ್ಲ. ಕೋರಿಕೆಯ ಕಾರ್ಯಕ್ರಮಗಳಲ್ಲಿ ಹಾಡಿಗೆ ಮುಂಚೆ ಅದನ್ನು ಬಯಸಿದವರ ಹೆಸರುಗಳನ್ನೂ ಊರುಗಳನ್ನೂ ಒಂದೊಂದಾಗಿ ಓದುತ್ತಿದ್ದರು. ಭೂಪಟದಲ್ಲಿ ಕಾಣದ ಹಳ್ಳಿಯ ಹೆಸರು ಆಕಾಶದಿಂದ ಕೇಳಿಬರುತ್ತಿತ್ತು. ಪತ್ರಿಕೆಯಲ್ಲಿ ಎಂದೂ ಅಚ್ಚಾಗದ, ಸರ್ಕಾರಿ ದಫ್ತರಿನಲ್ಲಿ ತೆರಿಗೆಯ ಹೊತ್ತಿಗಷ್ಟೇ ಕಾಣಿಸಿಕೊಳ್ಳುವ ಹೆಸರು ಅಂದು ಊರಿಗೆಲ್ಲ ಕೇಳುವಂತೆ ಗೌರವದಿಂದ ಉಚ್ಚರಿಸಲ್ಪಡುತ್ತಿತ್ತು. ಒಂದು ಅಂಚೆಕಾರ್ಡಿನ ಬೆಲೆಗೆ ದೊರೆಯುತ್ತಿದ್ದ ಈ ಮನ್ನಣೆಗಾಗಿ ಜನರು ವಾರಗಟ್ಟಳೆ ಕಾದರು. ಇಂದಿನ ಝಾರ್ಖಂಡಿನಲ್ಲಿರುವ ಝುಮ್ರಿ ತಿಲೈಯಾ ಎಂಬ ಅಭ್ರಕದ ಗಣಿಗಳ ಸಣ್ಣ ಪಟ್ಟಣವು ಅಲ್ಲಿನ ಕೇಳುಗರು ರೇಡಿಯೋ ಸಿಲೋನಿಗೂ ವಿವಿಧಭಾರತಿಗೂ ಬರೆದ ಕೋರಿಕೆಯ ಪತ್ರಗಳಿಂದಲೇ ದೇಶಪ್ರಸಿದ್ಧವಾಯಿತು. ಅಂತಹ ಊರು ನಿಜವಾಗಿ ಇದೆಯೇ ಎಂದು ಸಂದೇಹಿಸಿದವರೂ ಇದ್ದರು. ಗಣಿಯ ಖನಿಜ ತರಲಾರದ ಕೀರ್ತಿಯನ್ನು ಅಂಚೆಕಾರ್ಡು ತಂದುಕೊಟ್ಟಿತು. ಹೆಸರು ಮರೆಸಿದ ದನಿ ಮತ್ತು ಹೆಸರು ಪಡೆದ ಕೇಳುಗ, ಇವರಿಬ್ಬರ ನಡುವಣ ಬಾಂಧವ್ಯವೇ ಬಾನುಲಿಯ ನಿಜವಾದ ಬಂಡವಾಳ.

ಶ್ರೋತೃನಿಷ್ಠೆಯೆಂದರೆ ಕುರುಡು ನಂಬಿಕೆಯೆಂದು ಯಾರೂ ತಿಳಿಯಬಾರದು. ಆಲ್ ಇಂಡಿಯಾ ರೇಡಿಯೋ ತಪ್ಪೆಸಗಿದಾಗ ಕೇಳುಗರು ಅದನ್ನು ಶಿಕ್ಷಿಸಿಯೂ ಇದ್ದಾರೆ. 1952ರಲ್ಲಿ ಪ್ರಸಾರಖಾತೆಯ ಸಚಿವರಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಅಭಿಮಾನಿಗಳು. ಚಲಚ್ಚಿತ್ರಗೀತೆಗಳಿಂದ ಜನರ ಅಭಿರುಚಿ ಕೆಡುವುದೆಂದು ಭಾವಿಸಿ ಅವರು ಅವುಗಳನ್ನು ಪ್ರಸಾರದಿಂದ ಬಹುಮಟ್ಟಿಗೆ ಹೊರಗಿಟ್ಟರು. ಪರಿಣಾಮವಾಗಿ ಕೇಳುಗರು ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅದೇ ವರ್ಷ ಅಲ್ಲಿಂದ ಆರಂಭವಾದ ‘ಬಿನಾಕಾ ಗೀತಮಾಲಾ’ವನ್ನು ಬುಧವಾರದ ರಾತ್ರಿಗಳಲ್ಲಿ ನಡೆಸಿಕೊಟ್ಟ ಅಮೀನ್ ಸಯಾನಿಯವರ ದನಿಯು ದೇಶಕ್ಕೆಲ್ಲ ಚಿರಪರಿಚಿತವಾಯಿತು. 2024ರ ಫೆಬ್ರುವರಿಯಲ್ಲಿ ಅವರು ನಿಧನರಾದಾಗ, ಅವರ ಮುಖವನ್ನೇ ಕಾಣದ ಅಸಂಖ್ಯ ಮಂದಿ ಸ್ವಜನರನ್ನು ಕಳೆದುಕೊಂಡಂತೆ ಮರುಗಿದರು. ಅಂತೂ ದೆಹಲಿಯ ಅಧಿಕಾರಿಗಳು ಪಾಠ ಕಲಿಯಲು ಐದು ವರ್ಷ ಹಿಡಿಯಿತು. 1957ರ ಅಕ್ಟೋಬರ್ 3ರಂದು ಆರಂಭವಾದ ವಿವಿಧಭಾರತಿಯು ಚಲಚ್ಚಿತ್ರಗೀತೆಗೆ ಗೌರವದ ಸ್ಥಾನವನ್ನು ಕೊಟ್ಟಿತು. ಹೋದ ಕೇಳುಗರು ಮರಳಿ ಬಂದರು. ರುಚಿಯನ್ನು ತಿದ್ದಲು ಹೊರಟವರು ಮೊದಲು ಕೇಳುಗನನ್ನು ಗೌರವಿಸುವುದನ್ನು ಕಲಿಯಬೇಕೆಂಬುದೇ ಇದರ ನೀತಿ.

ಹಾರ್ಮೋನಿಯಂ ವಾದ್ಯದ ಪ್ರಕರಣವೂ ಇಂತಹುದೇ. ಭಾರತೀಯ ಸಂಗೀತದ ಗಮಕಗಳಿಗೆ ಅದು ಒಗ್ಗದೆಂಬ ಕಾರಣದಿಂದ 1940ರಲ್ಲಿ ಆ ವಾದ್ಯವನ್ನು ಆಲ್ ಇಂಡಿಯಾ ರೇಡಿಯೋದಿಂದ ಬಹಿಷ್ಕರಿಸಲಾಯಿತು. ಮೂರು ದಶಕಗಳ ಅನಂತರ, 1971ರಲ್ಲಿ, ನಿಷೇಧವನ್ನು ಸಡಿಲಿಸಲಾಯಿತು. ಉತ್ತರ ಕರ್ನಾಟಕದ ಮಠಗಳಲ್ಲಿಯೂ ಭಜನೆಯ ಮೇಳಗಳಲ್ಲಿಯೂ ಹಾರ್ಮೋನಿಯಂ ಮನೆಯ ವಾದ್ಯವಾಗಿದ್ದ ಕಾಲದಲ್ಲಿ ಬಾನುಲಿಯ ಬಾಗಿಲು ಅದಕ್ಕೆ ಮುಚ್ಚಿತ್ತು. ಧಾರವಾಡದ ಕೇಳುಗರು ಮಠದ ಅಂಗಳದಲ್ಲಿ ಹಾರ್ಮೋನಿಯಮ್ಮನ್ನೂ, ರೇಡಿಯೋದಲ್ಲಿ ಸಾರಂಗಿಯನ್ನೂ ಕೇಳಿ ಎರಡನ್ನೂ ಉಳಿಸಿಕೊಂಡರು. ದೂರದ ಆಜ್ಞೆಗೆ ತಲೆಬಾಗಿದ ಕೇಂದ್ರವನ್ನು ಹತ್ತಿರದ ಜನರು ಕ್ಷಮಿಸಿದರೆನ್ನಬೇಕು.

ವಚನಗಳ ಪ್ರಸಾರದಲ್ಲಿ ಬಾನುಲಿಯು ನೀಡಿದ ಕಾಣಿಕೆಯನ್ನು ಈ ಹಿನ್ನೆಲೆಯಲ್ಲಿಯೇ ಅಳೆಯಬೇಕು. ಡಾ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅದರಿಂದ ವಚನಗಳು ವಿದ್ವಾಂಸರ ಮೇಜಿಗೆ ಬಂದವು. ಓದು ಬಾರದವರ ಪಾಲಿಗೆ ಅವು ಇನ್ನೂ ದೂರವೇ ಇದ್ದವು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರಂತಹ ಗಾಯಕರು ಅವುಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದರು. ಬಾನುಲಿಯು ಆ ಗಾಯನವನ್ನು ಅಡುಗೆಮನೆಗೂ ಹೊಲದ ಬದುವಿಗೂ ಒಯ್ದಿತು. ಮನ್ಸೂರರು ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳಲ್ಲಿ ನಿಷ್ಣಾತರು. ರಾಜಗುರುಗಳು ಗದಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಇಂತಹ ವಿದ್ವತ್ತಿನ ಮೂಲಕ ಬಂದ ವಚನವು ತನ್ನ ಸರಳತೆಯನ್ನು ಕಳೆದುಕೊಳ್ಳದೆ ಗಾಂಭೀರ್ಯವನ್ನು ಪಡೆಯಿತು. ಆಡುಮಾತಿನಲ್ಲಿ ಹುಟ್ಟಿದ ವಚನವು ಓಲೆಗರಿಯನ್ನೂ ಅಚ್ಚಿನ ಪುಟವನ್ನೂ ದಾಟಿ ಮತ್ತೆ ದನಿಗೆ ಮರಳಿದ ಚರಿತ್ರೆಯಿದು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯದಿರಲಾಗದು. ಪಂಚಾಕ್ಷರಿ ಗವಾಯಿಗಳೂ ಅವರ ಅನಂತರ ಆಶ್ರಮವನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳೂ ದೃಷ್ಟಿಹೀನರು. ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದವರು. ಅಂತಹ ವಿದ್ಯಾರ್ಥಿಗೆ ಬಾನುಲಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕಣ್ಣುಳ್ಳವರಿಗೂ ಕಾಣದ ಮುಖ ಅದು. ರೇಡಿಯೋದ ಮುಂದೆ ಕುಳಿತಾಗ ಅಂಧನೂ ಕಣ್ಣುಳ್ಳವನೂ ಸಮಾನರು. ಅಕ್ಷರಸ್ಥನೂ ನಿರಕ್ಷರಿಯೂ ಸಮಾನರು. ಕಿವಿಯೊಂದಿದ್ದರೆ ಸಾಕೆಂಬ ಈ ಸಮತೆಯು ಬಾನುಲಿಯ ಸ್ವಭಾವದಲ್ಲಿಯೇ ಅಡಗಿದೆ.

ಕಾಲವು ಮುಂದೆ ಸರಿಯಿತು. ದೂರದರ್ಶನವು ಸಂಜೆಗಳನ್ನು ಆಕ್ರಮಿಸಿತು. ರೇಡಿಯೋ ಪರವಾನಗಿಯ ಪದ್ಧತಿಯು 1980ರ ದಶಕದಲ್ಲಿ ಕೊನೆಗೊಂಡಿತು. 1997ರಲ್ಲಿ ಆಕಾಶವಾಣಿಯು ಪ್ರಸಾರ ಭಾರತಿಯ ಆಡಳಿತಕ್ಕೆ ಒಳಪಟ್ಟಿತು. 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವು ಆರಂಭವಾಯಿತು. ಅಲ್ಲಿನ ನಿರೂಪಕರು ತಮ್ಮ ಹೆಸರನ್ನು ಮತ್ತೆ ಮತ್ತೆ ಹೇಳಿಕೊಂಡರು. ಕೇಳುಗರನ್ನು ಗೆಳೆಯರಂತೆ ಮಾತನಾಡಿಸಿದರು. ಅದರಲ್ಲಿ ತಪ್ಪೇನಿಲ್ಲ, ಸಯಾನಿಯವರೂ ಸ್ವಂತ ವ್ಯಕ್ತಿತ್ವದಿಂದಲೇ ಜನರನ್ನು ಗೆದ್ದವರು. ಆದರೆ ಹೆಸರನ್ನು ಅವಲಂಬಿಸಿದ ಒಲವು ಆ ವ್ಯಕ್ತಿಯು ಬೇರೆ ಕೇಂದ್ರಕ್ಕೆ ಹೋದಾಗ ಅವನೊಡನೆ ಹೊರಟುಹೋಗುತ್ತದೆ. ಊರನ್ನು ಅವಲಂಬಿಸಿದ ಒಲವು ಉದ್ಘೋಷಕನು ನಿವೃತ್ತನಾದ ಮೇಲೆಯೂ ಉಳಿಯುತ್ತದೆ. ಹೊಸ ದನಿಯನ್ನು ತುಸು ಕಾಲ ಪರೀಕ್ಷಿಸಿ ತನ್ನದಾಗಿಸಿಕೊಳ್ಳುತ್ತದೆ.

ಆದುದರಿಂದಲೇ ಸ್ಥಳೀಯ ಪ್ರಸಾರದ ಭವಿಷ್ಯವು ಕೇಳುಗರಿಗೆ ಇಂದು ಚಿಂತೆಯ ವಿಷಯವಾಗಿದೆ. ಕೇಂದ್ರಗಳನ್ನು ಮುಚ್ಚುವರೆಂಬ ವದಂತಿ ಹಬ್ಬಿದಾಗ, ಯಾವ ರಾಜ್ಯದ ಯಾವ ಕೇಂದ್ರವನ್ನೂ ಮುಚ್ಚುವುದಿಲ್ಲವೆಂದು ಪ್ರಸಾರ ಭಾರತಿಯು 2021ರ ಜನವರಿಯಲ್ಲಿ ಸ್ಪಷ್ಟಪಡಿಸಬೇಕಾಯಿತು. ಕಟ್ಟಡವೂ ಫಲಕವೂ ಉಳಿಯುವುದು ಸಂತೋಷವೇ. ಆದರೆ ಬಾಗಿಲು ತೆರೆದಿರುವುದು ಬೇರೆ, ಒಳಗಿನಿಂದ ದನಿ ಬರುವುದು ಬೇರೆ. ಒಂದು ಕೇಂದ್ರದ ಹೊತ್ತಿನ ಬಹುಭಾಗವನ್ನು ಬೇರೆಡೆಯ ಕಾರ್ಯಕ್ರಮಗಳ ಮರುಪ್ರಸಾರವೇ ತುಂಬಿದರೆ ಅದರ ಕಟ್ಟಡ ಉಳಿದೂ ಕೇಂದ್ರ ಅಳಿದಂತೆಯೇ ಸರಿ. ಮೈಸೂರಿಗೆ 1955ರಿಂದ 1974ರವರೆಗೆ ಒದಗಿದ ಸ್ಥಿತಿಯು ಆಗ ಸದ್ದಿಲ್ಲದೆ ಎಲ್ಲ ಊರುಗಳಿಗೂ ಒದಗಬಹುದು.

2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿಯು ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಿನ ಬಳಕೆಯನ್ನು ಕೈಬಿಟ್ಟು ಆಕಾಶವಾಣಿ ಎಂಬ ಹೆಸರೊಂದನ್ನೇ ಬಳಸಬೇಕೆಂದು ಆದೇಶಿಸಿತು. ಮೈಸೂರಿನ ಒಂದು ಮನೆಯಿಂದ ಹೊರಟ ಹೆಸರು ಇಡೀ ದೇಶದ ಹೆಸರಾಯಿತು. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯೇ ಇದು. ಆದರೆ ಗೋಪಾಲಸ್ವಾಮಿಯವರ ಸಾಹಸದ ತಿರುಳು ಆ ಹೆಸರೊಂದರಲ್ಲಿಯೇ ಇರಲಿಲ್ಲ. ಒಂದು ಊರು ತನ್ನ ನುಡಿಯನ್ನೂ ನಾದವನ್ನೂ ತಾನೇ ಆಕಾಶಕ್ಕೆ ಒಪ್ಪಿಸುವ ಧೈರ್ಯದಲ್ಲಿತ್ತು. ಉದ್ಘೋಷಕನ ಅಂಕಿತದಲ್ಲಿ ಎರಡು ಪದಗಳಿವೆ. ‘ಆಕಾಶವಾಣಿ’ ಎಂಬ ಮೊದಲನೆಯ ಪದಕ್ಕೆ ದೇಶವೆಲ್ಲ ಒಡೆತನ. ‘ಧಾರವಾಡ’, ‘ಮೈಸೂರು’, ‘ಭದ್ರಾವತಿ’ ಎಂಬ ಎರಡನೆಯ ಪದಕ್ಕೆ ಆ ನೆಲದವರು ಒಡೆಯರು. ಕೇಳುಗರ ನಿಷ್ಠೆಯು ನೆಲೆನಿಂತಿರುವುದು ಈ ಎರಡನೆಯ ಪದದಲ್ಲಿ. ಸಮುದ್ರದಾಚೆ ನೆಲಸಿದ ಕನ್ನಡಿಗನು ಇಂದು ಪ್ರಸಾರ ಭಾರತಿಯ ಮೊಬೈಲ್ ಆಪ್ ತೆರೆದಾಗಲೂ ಅಲ್ಲಿನ ನೂರಾರು ಹೆಸರುಗಳ ಪಟ್ಟಿಯಲ್ಲಿ ಬೆರಳಿಟ್ಟು ಹುಡುಕುವುದು ತನ್ನ ಊರಿನ ಹೆಸರನ್ನು.

ಅಂಕಿತವನ್ನು ಅಳಿಸಿದ ವಚನವು ಚೆಲುವಾದ ಮಾತಾಗಿ ಉಳಿಯಬಹುದು. ಅದು ಯಾರ ಸನ್ನಿಧಿಯಲ್ಲಿ ನುಡಿದುದೆಂಬುದು ತಿಳಿಯದು. ಊರಿನ ಹೆಸರನ್ನು ಅಳಿಸಿದ ಬಾನುಲಿಯೂ ಅಷ್ಟೇ. ನಾಳೆಯ ಬೆಳಗು ಧಾರವಾಡದ ಪ್ರಸಾರಕೊಠಡಿಯಲ್ಲಿ ಕೆಂಪುದೀಪ ಹೊತ್ತಿದಾಗ ಹೆಸರು ಹೇಳದ ಒಬ್ಬರು ತಮ್ಮ ಊರಿನ ಹೆಸರನ್ನು ಸ್ಪಷ್ಟವಾಗಿ ಹೇಳುತ್ತಿರಲಿ. ಆ ಹೆಸರನ್ನು ಕೇಳಲೆಂದು ಎಲ್ಲೋ ಒಬ್ಬರು ಆಗಲೇ ರೇಡಿಯೋದ ಕಿವಿ ತಿರುವಿ ಕಾದಿರುತ್ತಾರೆ.